ಮೂರನೆಯ ಬೋರಿನ ನೀರು

ಜನವರಿ ಇಪ್ಪತ್ತು, ಸೋಮವಾರ, ಬೆಳಿಗ್ಗೆ ಹತ್ತೂವರೆ. ಕಾಗವಾಡ ಠಾಣೆಯ ಪಿಎಸ್‌ಐ ಸಿದ್ದಲಿಂಗ ಹಾದಿಮನಿ ಆಗಷ್ಟೇ ಬೂಟು ಬಿಚ್ಚಿ ಮೇಜಿನ ಕೆಳಗೆ ಕಾಲು ಚಾಚಿದ್ದರು. ಶಿರಗುಪ್ಪಿ ರಸ್ತೆಯಲ್ಲಿ ಮಗುಚಿ ಬಿದ್ದ ಕಬ್ಬಿನ ಟ್ರೇಲರು ಎತ್ತಿಸುವುದರಲ್ಲೇ ಅವರ ರಾತ್ರಿ ಕಳೆದಿತ್ತು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಈ ಠಾಣೆಯವರಿಗೆ ಕಳ್ಳಕಾಕರಿಗಿಂತ ಟ್ರೇಲರುಗಳದೇ ಕಾಟ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿ, ಮನೆಯೆತ್ತರ ಕಬ್ಬು ಹೇರಿ, ಕಿವಿ ಹರಿಯುವಂತೆ ಹಾಡು ಹಾಕಿಕೊಂಡು ಹೊರಟವನಿಗೆ ತನ್ನ ಹಿಂದೆ ಏನು ಬರುತ್ತಿದೆ ಎಂಬ ಖಬರೇ ಇರುವುದಿಲ್ಲ. ಐವತ್ತನಾಲ್ಕರ ಸಿದ್ದಲಿಂಗ ಕಾನ್‌ಸ್ಟೇಬಲ್ ಆಗಿ ಸೇರಿ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಆ ಮೆಟ್ಟಿಲುಗಳ ಬಾಕಿಯನ್ನು ಮೊಣಕಾಲುಗಳು ಈಗ ವಸೂಲಿ ಮಾಡುತ್ತಿದ್ದವು.

ಆ ಹೊತ್ತಿಗೆ ಇಬ್ಬರು ಒಳಗೆ ಬಂದರು. ಮುಂದೆ ಬಂದವರು ವಿಶ್ವವಿದ್ಯಾಲಯದ ಪ್ರೊಫೆಸರ್ ಬಾಬಾಸಾಹೇಬ ಘೋರ್ಪಡೆ. ಹಿಂದೆ ಉದ್ದನೆಯ ನಕ್ಷೆಯ ಕೊಳವೆ ಹೆಗಲಿಗೆ ಹಾಕಿಕೊಂಡಿದ್ದವಳು ಪ್ರಾಜಕ್ತಾ ಉಪಾಧ್ಯೆ, ನಿಪ್ಪಾಣಿಯ ಹುಡುಗಿ, ಪುಣೆಯಲ್ಲಿ ಓದಿದ ಆರ್ಕಿಟೆಕ್ಟ್.

"ನಮ್ಮ ಬೋರಿನಾಗ ಯಾರೋ ನೀರ ಹಾಕಾಕತ್ತಾರ್ರಿ," ಎಂದರು ಪ್ರೊಫೆಸರು.

"ಏನ್ ಕದ್ದಾರ್ರಿ?"

"ಕದ್ದಿಲ್ರಿ. ಹಾಕ್ಯಾರ."

ಸಿದ್ದಲಿಂಗ ಪೆನ್ನು ಕೆಳಗಿಟ್ಟರು. ಬೋರಿನ ಮೋಟಾರು ಕದ್ದ ದೂರು, ಪೈಪು ಕದ್ದ ದೂರು, ಕಾಲುವೆಯಿಂದ ನೀರನ್ನೇ ಕದ್ದ ದೂರು, ಎಲ್ಲವನ್ನೂ ಅವರು ಬರೆದುಕೊಂಡಿದ್ದರು. ಇನ್ನೊಬ್ಬರ ಬೋರಿಗೆ ನೀರು ತಂದು ಹಾಕಿದವನ ಮೇಲೆ ದೂರು ಬಂದದ್ದು ಇದೇ ಮೊದಲು. ಅಂಥವನು ಸಿಕ್ಕರೆ ಕೈಕೋಳ ಹಾಕುವುದೋ ಹೂಮಾಲೆ ಹಾಕುವುದೋ ಅವರಿಗೆ ಹೊಳೆಯಲಿಲ್ಲ.

ಪ್ರಾಜಕ್ತಾ ಬಿಡಿಸಿ ಹೇಳಿದಳು. ಮಂಗಸೂಳಿಗೂ ಶಿರಗುಪ್ಪಿಗೂ ನಡುವೆ ಕರಿದಿಬ್ಬ ಎಂಬ ಬೋಳು ದಿಬ್ಬವಿದೆ. ಅದರ ಹೊಟ್ಟೆಯಲ್ಲಿ, ನಲವತ್ತು ಮೀಟರ್ ಆಳದಲ್ಲಿ, ವಿಶ್ವವಿದ್ಯಾಲಯದ ಸಂಶೋಧನಾ ಪ್ರಯೋಗಾಲಯ ಬರಬೇಕಾಗಿದೆ. ಭೂಮಿಯ ಅತಿ ಸಣ್ಣ ನಡುಕವನ್ನೂ ಹಿಡಿಯುವ ಯಂತ್ರಗಳನ್ನು ಅಲ್ಲಿ ಕೂರಿಸುತ್ತಾರೆ. ಅವಕ್ಕೆ ಮೇಲಿನ ಸದ್ದು, ಬಿಸಿಲು, ಓಡಾಟ ಯಾವುದೂ ತಾಗಕೂಡದು, ತೇವವಂತೂ ಕೂಡದೇ ಕೂಡದು. ನಕ್ಷೆ ಅಂತಿಮಗೊಳಿಸುವ ಮೊದಲು ಬಂಡೆಯ ಗುಣ ತಿಳಿಯಲೆಂದು ಐದು ಕಡೆ ಅಂಗೈ ಅಗಲದ ಬೋರು ಕೊರೆಸಿ, ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿದ್ದರು. ಕೊರೆದಾಗ ಐದೂ ಒಣಗಿದ್ದವು. ಈಗ ನಾಲ್ಕು ಹಾಗೇ ಇವೆ. ಮೂರನೆಯದರಲ್ಲಿ ಮಾತ್ರ ಮುಕ್ಕಾಲು ಭಾಗ ನೀರು ನಿಂತಿದೆ.

"ಮೂರನೇ ಬೋರಿನ ಕೆಳಗ ನಮ್ಮ ದೊಡ್ಡ ಖೋಲಿ ಬರತೈತ್ರಿ. ಬರೂ ಸೋಮವಾರ ಕಮಿಟಿ ಕೂಡತೈತಿ. ಅಲ್ಲಿ ನೀರೈತಿ ಅಂದ್ರ ಜಾಗಾ ರದ್ದ. ಮೂರ ವರ್ಷದಿಂದ ನಾ ಬರದ ನಕ್ಷಾ ಎಲ್ಲಾ ಹ್ವಾದಂಗ."

"ಯೋಜನೇನ ಬ್ಯಾರೆ ಜಿಲ್ಲಾಕ್ಕ ಹೋಗತೈತ್ರಿ," ಎಂದರು ಪ್ರೊಫೆಸರು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಅವರು ಯಾವ ಕೋಣೆ ಯಾವ ವಿಭಾಗಕ್ಕೆಂದು ಆಗಲೇ ಹಂಚಿ ಮುಗಿಸಿದ್ದರು.

"ಅಷ್ಟ ಕೆಳಗ ಟ್ರ್ಯಾಕ್ಟರಿನ ಹಾಡ ಕೇಳಸತೈತೇನ್ರಿ?" ಎಂದು ಸಿದ್ದಲಿಂಗ ಕೇಳಿದರು.

"ಇಲ್ರಿ."

"ಹಂಗಾರ ನನಗೂ ಒಂದ ಖೋಲಿ ನೋಡ್ರಿ."

ಪ್ರೊಫೆಸರು ನಗಲಿಲ್ಲ. ಸಿದ್ದಲಿಂಗ ಬಿಎನ್‌ಎಸ್ ಕಲಂ 324 ಮತ್ತು 329ರ ಅಡಿ ಎಫ್‌ಐಆರ್ ದಾಖಲಿಸಿದರು: ಅತಿಕ್ರಮ ಪ್ರವೇಶ ಮಾಡಿ ಆಸ್ತಿಗೆ ಕೇಡು ಮಾಡಿದ್ದು. ಆರೋಪಿಯ ಹೆಸರು, ಅಪರಿಚಿತ. ಬೂಟು ಮತ್ತೆ ಕಾಲಿಗೇರಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಜೊತೆಗೆ ಕಾನ್‌ಸ್ಟೇಬಲ್ ಕಾಜಲ ಮಾನೆ. ಈ ಹುಡುಗಿ ಮರಾಠಿಯಲ್ಲಿ ಯೋಚಿಸಿ ಕನ್ನಡದಲ್ಲಿ ಬೈಯುತ್ತಾಳೆ, ಕಣ್ಣು ಮಾತ್ರ ಗಿಡುಗನದು. ದಿಬ್ಬದ ಮೇಲೆ ಟ್ಯಾಂಕರಿನ ಗಾಲಿ ಗುರುತಿಲ್ಲ, ಪೈಪು ಎಳೆದ ಗೆರೆಯಿಲ್ಲ. ಮೂರನೆಯ ಬೋರು ದಿಬ್ಬದ ಅಂಚಿಗಿತ್ತು. ಅಲ್ಲಿಂದ ಕೂಗಳತೆ ಕೆಳಗೆ ಒಂದು ತೋಟದ ಮನೆ, ಮನೆಯ ಮುಂದೆ ಕಲ್ಲು ಕಟ್ಟಿದ ಹಳೆಯ ಬಾವಿ. ಮುಚ್ಚಳದ ಮೇಲೆ ನಟ್ಟು ತಿರುಗಿಸುವ ಪಾನದ ಹಲ್ಲು ಕಚ್ಚಿದ ಗುರುತು ಹೊಸದಾಗಿತ್ತು. ಕಾಜಲ ಬಗ್ಗಿ ನೋಡಿ, ಮುಚ್ಚಳದ ತಿರುಪಿನಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಹತ್ತಿಯ ಎಳೆಯೊಂದನ್ನು ಬಿಡಿಸಿದಳು.

"ಹೇ ಬಘಾ, ನೋಡ್ರಿ ಸಾಹೇಬ. ಅರಿವಿ ದಾರ."

ಎಳೆ ಲಕೋಟೆಗೆ ಹೋಯಿತು. ಪ್ರಾಜಕ್ತಾ ಬೋರಿಗೆ ಸಣ್ಣ ಡಬ್ಬಿಯೊಂದನ್ನು ಇಳಿಬಿಟ್ಟು ನೀರು ತೆಗೆದಳು. ಬಾಟಲಿಯಲ್ಲಿ ಹಿಡಿದರೆ ಒಂದು ಕಸ ಇಲ್ಲ, ಕಣ ಇಲ್ಲ.

"ಬಂಡಿಗಲ್ಲಿನ ಒಳಗಿಂದ ಬಂದ ನೀರ ಇಷ್ಟ ಸ್ವಚ್ಛ ಇರಂಗಿಲ್ರಿ," ಎಂದಳು. "ಯಾರೋ ಕುಡಿಯೂ ನೀರ ತಂದ ಹಾಕ್ಯಾರ."

ಹಾಗೆಯೇ ದಿಬ್ಬದ ಮೇಲೆ ನಿಂತು ಅವಳು ಕೈ ಮಾಡಿ ತೋರಿಸಿದಳು: ದೊಡ್ಡ ಖೋಲಿ ಇಲ್ಲಿ ಕೆಳಗೆ, ಅಲ್ಲಿಗೆ ಇಳಿಯುವ ಸುರಂಗ ತೋಟದ ಮನೆಯ ಕಡೆಯಿಂದ, ಅಲ್ಲಿಗಾದರೆ ರಸ್ತೆ ಹತ್ತಿರ. ಸಿದ್ದಲಿಂಗ ತಲೆಯಾಡಿಸಿದರು. ಅವರ ಲಕ್ಷ್ಯವೆಲ್ಲ ನೆರಳೆಲ್ಲಿದೆ ಎಂಬುದರ ಮೇಲಿತ್ತು.

ನೆರಳಿದ್ದದ್ದು ತೋಟದ ಮನೆಯ ಕಟ್ಟೆಯ ಮೇಲೆ. ಮನೆಯ ಯಜಮಾನ ಭೂಪಾಲ ಮಗದುಮ್, ಎಪ್ಪತ್ತು ದಾಟಿದ ಜೈನ ರೈತ, ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಜೈ ಜಿನೇಂದ್ರ, ಬರ್ರಿ," ಎಂದು ಕೂರಿಸಿದರು. ಕೊಡದ ಬಾಯಿಗೆ ಬಿಳಿ ಬಟ್ಟೆ ಮಡಿಸಿ ಹೊದಿಸಿ, ಸೇದಿದ ನೀರನ್ನು ಸೋಸಿ, ಬೆಲ್ಲದ ಜೊತೆ ಎಲ್ಲರಿಗೂ ಕೊಟ್ಟರು. ಈ ಭಾಗದ ಜೈನರ ಮನೆಯಲ್ಲಿ ಇದು ದಿನಾ ಕಾಣುವ ನೋಟ. ಸಿದ್ದಲಿಂಗ ನೋಡಿದರು, ಕುಡಿದರು. ತಮ್ಮ ಜೇಬಿನ ಲಕೋಟೆಯಲ್ಲಿ ಅದೇ ಬಟ್ಟೆಯ ದಾರವಿದೆ ಎಂದು ಅವರಿಗೆ ಹೊಳೆಯಲಿಲ್ಲ. ದಣಿದ ಮನುಷ್ಯನಿಗೆ ಕಣ್ಣೆದುರಿನದೇ ಕೊನೆಗೆ ಕಾಣುವುದು.

"ಅಣ್ಣಾರ, ರಾತ್ರಿ ಹೊತ್ತಿನಾಗ ದಿಬ್ಬದ ಕಡೆ ಯಾರರ ಬಂದಿದ್ದ ನೋಡೀರೇನ್ರಿ?"

"ಇಲ್ರಿ. ರಾತ್ರಿ ಯಾರೂ ಬಂದಿಲ್ಲ."

"ಟ್ಯಾಂಕರು, ಗಾಡಿ?"

"ಇಲ್ರಿ."

"ದಿಬ್ಬದ ವಾಚಮನ್ ಭರತ ಹೆಂಗ?"

"ಚಲೋ ಮನಷ್ಯಾ. ರಾತ್ರಿ ಕಣ್ಣ ಮುಚ್ಚಂಗಿಲ್ಲ."

ಒಳಗಿನ ಮಂಚದಿಂದ ಹೆಂಗಸಿನ ಕೆಮ್ಮು ಕೇಳಿತು. "ನಮ್ಮ ಮನಿಯವ್ರು, ಕಮಲಾಬಾಯಿ," ಎಂದರು ಭೂಪಾಲ. "ಆರಾಮಿಲ್ಲ." ಸಿದ್ದಲಿಂಗ ಹೇಳಿಕೆ ಬರೆದುಕೊಂಡು, ಓದಿ ಹೇಳಿ, ಸಹಿ ಮಾಡಿಸಿಕೊಂಡರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇನ್ನುಳಿದದ್ದು ಭರತ. ಪ್ರೊಫೆಸರ ಬೆರಳು ಮೊದಲಿಂದಲೂ ಅವನ ಕಡೆಗೇ ಇತ್ತು. ರಾತ್ರಿ ಕಾವಲು ಅವನದು. ಜಾಗ ರದ್ದಾಗಲೆಂದು ಬಯಸುವವರು ಯಾರೋ ಅವನ ಕೈ ಬೆಚ್ಚಗೆ ಮಾಡಿದ್ದಾರೆ ಎಂಬುದು ಅವರ ತೀರ್ಮಾನ. ಮಂಗಳವಾರ ಭರತನನ್ನು ಠಾಣೆಗೆ ಕರೆಸಿದರು. ಬಂದವನು ಕೂರಲೇ ಇಲ್ಲ.

"ಎಷ್ಟಕ್ಕ ಮನಿಗೆ ಹೋಗ್ತಿ?"

"ಬೆಳಕ ಹರದ ಮ್ಯಾಲ್ರಿ. ಎಮ್ಮಿ ಹಿಂಡಬೇಕ್ರಿ."

"ದಿಬ್ಬಕ್ಕ ಆಫೀಸಿನವ್ರು ಯಾವಾಗ ಬರ್ತಾರ?"

"ಒಂಬತ್ತಕ್ಕ ಬರ್ತಾರ್ರಿ."

"ನಡುವ ಯಾರ ಇರ್ತಾರ?"

"ಹಗಲ ಹೊತ್ತ ಯಾರ ಬರ್ತಾರ್ರಿ ಸಾಹೇಬ್ರ?" ಭರತ ಕೈ ಮುಗಿದ. "ನನ್ನ ಕೆಲಸ ತೆಗೀತಾರಂತ್ರಿ. ಮಗಳದು ಲಗ್ನ ಗೊತ್ತಾಗೇತಿ. ಪೊಲೀಸ್ರ ಒಯ್ದಾರ ಅಂದ್ರ ಬೀಗರು ಏನಂದಾರು?"

ಸಿದ್ದಲಿಂಗ ಅವನನ್ನು ಮನೆಗೆ ಕಳಿಸಿದರು. ಹೆದರಿದವರೆಲ್ಲ ಕಳ್ಳರಾದರೆ ಊರಿಗೂರೇ ಲಾಕಪ್ಪಿನಲ್ಲಿರಬೇಕಾಗುತ್ತದೆ. ಅವತ್ತಿನಿಂದ ಎರಡು ರಾತ್ರಿ ದಿಬ್ಬದ ಕೆಳಗಿನ ಕಬ್ಬಿನಲ್ಲಿ ಪೊಲೀಸರು ಕಾವಲು ಕೂತರು. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ?" ಎಂದು ಸಿದ್ದಲಿಂಗ ಕಾಜಲಳಿಗೆ ಧೈರ್ಯ ಹೇಳಿದ್ದೂ ಆಯಿತು. ಬಂದದ್ದು ಒಂದು ಹಂದಿ, ಆಮೇಲೆ ನೆಗಡಿ. ಬೆಳಕು ಹರಿಯುತ್ತಲೇ, ಬಂದ ದಾರಿಗೆ ಸುಂಕವಿಲ್ಲವೆಂದು ಇಬ್ಬರೂ ಮೂಗು ಒರೆಸಿಕೊಂಡು ವಾಪಸಾದರು. ಅಥಣಿಯಿಂದ ಡಿವೈಎಸ್‌ಪಿ ಸಾಹೇಬರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. "ಸೋಮವಾರದೊಳಗೆ ಆರೋಪಿ ಬೇಕು, ಹಾದಿಮನಿ. ಮೇಲಿನಿಂದ ಒತ್ತಡ ಇದೆ." ಒತ್ತಡ ಯಾವಾಗಲೂ ಮೇಲಿನಿಂದಲೇ ಬರುತ್ತದೆ, ಕೆಳಗಿರುವುದು ಮೊಣಕಾಲು.

ಗುರುವಾರ ಸಂಜೆ ಪ್ರಾಜಕ್ತಾ ಒಬ್ಬಳೇ ಠಾಣೆಗೆ ಬಂದಳು. ಮೂರನೆಯ ಬೋರಿನೊಳಗೆ ಅವಳು ನೀರಿನ ಮಟ್ಟ ತಾನಾಗಿ ಅಳೆಯುವ ಉಪಕರಣ ಇಳಿಸಿದ್ದಳು.

"ರಾತ್ರಿ ನೀರ ಏರಂಗಿಲ್ರಿ ಸರ್. ಇಳೀತೈತಿ, ಬಂಡಿಗಲ್ಲ ಕುಡೀತೈತಿ. ಹೊತ್ತ ಹುಟ್ಟಿದ ಮ್ಯಾಲ ಸಾವಕಾಶ ಏರತೈತಿ. ಎರಡೂ ದಿನ ಹಂಗ ಐತ್ರಿ."

ಸಿದ್ದಲಿಂಗ ಹೊತ್ತು ಲೆಕ್ಕ ಹಾಕಿದರು. ಅವರು ಕಬ್ಬಿನಿಂದ ಎದ್ದು ಜೀಪು ಹತ್ತಿದ ಮೇಲೆ, ಭರತ ಎಮ್ಮೆ ಹಿಂಡಲು ಹೋದ ಮೇಲೆ, ಆಫೀಸಿನವರು ಬರುವ ಮೊದಲು. ಎರಡು ರಾತ್ರಿ ನಿದ್ದೆಗೆಟ್ಟು ಅವರು ಕಾದದ್ದು ಬರೀ ಕತ್ತಲನ್ನು.

"ಹಗಲ ಬೆಳಕಿನಾಗ ಕಳವು ಮಾಡಾಂವ ಎಂಥಾ ಶಾಣ್ಯಾರಿ?" ಎಂದಳು ಕಾಜಲ.

"ಶಾಣ್ಯಾ ಅಲ್ಲವಾ," ಎಂದರು ಸಿದ್ದಲಿಂಗ. "ಕತ್ತಲಾಗ ಬರಾಕ ಆಗದಾಂವ." ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದರ ಅರ್ಥ ಅವರಿಗಾದದ್ದು. ಅವರು ಲಕೋಟೆ ತೆಗೆದು ಬಿಳಿ ಎಳೆಯನ್ನು ಬೆಳಕಿಗೆ ಹಿಡಿದರು. ಬೆಲ್ಲದ ಜೊತೆ ಕುಡಿದ ನೀರು ನೆನಪಾಯಿತು. ಪತ್ತೆಯಾಯಿತೆಂಬ ಖುಷಿ ಆಗಬೇಕಿತ್ತು, ಆಗಲಿಲ್ಲ.

ಜನವರಿ ಇಪ್ಪತ್ನಾಲ್ಕು, ಶುಕ್ರವಾರ. ಜೀಪನ್ನು ದೂರದಲ್ಲಿ ನಿಲ್ಲಿಸಿ, ಇಬ್ಬರು ಪಂಚರನ್ನೂ ಪ್ರಾಜಕ್ತಾಳನ್ನೂ ಅಲ್ಲೇ ಕೂರಿಸಿ, ಸಿದ್ದಲಿಂಗ ಮತ್ತು ಕಾಜಲ ಕಬ್ಬಿನ ಅಂಚಿಗೆ ಬಂದರು. ಭರತ ಸೈಕಲ್ ಹತ್ತಿ ಹೋದ. ಸೂರ್ಯ ಮೇಲೆ ಬಂದ. ತೋಟದ ಮನೆಯ ಬಾವಿಯಲ್ಲಿ ನೀರು ಸೇದುವ ಗಡಗಡಿ ತಿರುಗತೊಡಗಿತು. ಎಣ್ಣೆ ಕಾಣದ ಗಡಗಡಿ, ಪ್ರತಿ ಕೊಡಕ್ಕೂ ಕೀರಲು ದನಿ ತೆಗೆಯುತ್ತಿತ್ತು. ಒಂದು ಕೊಡ, ಎರಡು, ಮೂರು. ನಿಲ್ಲಲೇ ಇಲ್ಲ.

"ಮನ್ಯಾಗ ಇಬ್ಬರ ಅದಾರ," ಎಂದು ಕಾಜಲ ಪಿಸುಗುಟ್ಟಿದಳು. "ಇಷ್ಟ ನೀರ ಯಾಕ?"

ಭೂಪಾಲ ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಕೊಡಕ್ಕೆ ತುಂಬಿದರು. ಕೊಡ ಹೆಗಲಿಗೇರಿಸಿ ದಿಬ್ಬ ಹತ್ತಿದರು. ನಡುವೆ ಎರಡು ಕಡೆ ನಿಂತು ಉಸಿರು ತಗೊಂಡರು. ಪಾನದಿಂದ ಮುಚ್ಚಳ ತಿರುಗಿಸಿ ತೆಗೆದು, ಬೋರಿನ ಬಾಯಿಗೂ ಒಂದು ಬಟ್ಟೆ ಹಿಡಿದು, ಮಗುವಿಗೆ ಕುಡಿಸುವಷ್ಟು ನಿಧಾನವಾಗಿ ನೀರು ಬಿಟ್ಟರು. ಮತ್ತೆ ಇಳಿದರು. ಮತ್ತೆ ಹತ್ತಿದರು. ಹಿಡಿಯಲು ಬಂದವರಿಗೇ ಎದ್ದು ಹೋಗಿ ಕೊಡಕ್ಕೆ ಕೈ ಕೊಡಬೇಕು ಅನ್ನಿಸುವಂತಿತ್ತು.

ಕೊನೆಯ ಕೊಡ ಮುಗಿಸಿ ಅವರು ಬಾವಿಗೆ ಮರಳಿದಾಗ ಸಿದ್ದಲಿಂಗ ಎದ್ದು ಹೋದರು.

"ಭೂಪಾಲಣ್ಣಾರ."

ಮುದುಕ ಬೆಚ್ಚಲಿಲ್ಲ. ಕೈಯಲ್ಲಿದ್ದ ಸೋಸುವ ಬಟ್ಟೆಯನ್ನು ಮಗುಚಿ, ಸಣ್ಣ ಬಕೆಟ್ಟಿನಲ್ಲಿ ಜಾಲಿಸುತ್ತಿದ್ದರು. "ಒಂದ ನಿಮಿಷ ತಡೀರಿ. ಇದನ್ನ ಬಿಟ್ಟ ಬರ್ತೀನಿ."

ಆ ಬಕೆಟ್ಟಿಗೆ ತಳದಲ್ಲೂ ಹಗ್ಗ ಕಟ್ಟಿದ ಒಂದು ಕೊಕ್ಕೆಯಿತ್ತು. ಅದನ್ನು ನೇರವಾಗಿ ಕೆಳಗಿಳಿಸಿ, ನೀರು ಮುಟ್ಟಿದ ಮೇಲೆ ತಳದ ಹಗ್ಗ ಜಗ್ಗಿದರೆ ಬಕೆಟ್ಟು ಅಲ್ಲೇ ಸದ್ದಿಲ್ಲದೆ ಬೋರಲಾಗುತ್ತದೆ. ಮೇಲಿನಿಂದ ಎಸೆದರೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳಿಗೆ ಪೆಟ್ಟಾದೀತೆಂದು ಈ ಏರ್ಪಾಡು. ಯಾವ ಬಾವಿಯ ಜೀವವೋ ಅದೇ ಬಾವಿಗೆ ಹೋಗಬೇಕು. ಸಿದ್ದಲಿಂಗ ನಿಂತು ಕಾದರು. ಬಕೆಟ್ಟು ಮೇಲೆ ಬಂತು.

"ಬೋರಿಗೆ ಸುರಿಯೂ ನೀರ ಯಾಕ ಸೋಸ್ತೀರಿ ಅಣ್ಣಾರ?"

"ಸೋಸದ ಹಾಕಿದ್ರ ಒಣಾ ಕಲ್ಲಿನಾಗ ಜೀವ ಸಾಯತಾವ್ರಿ. ಅವೇನ್ ಮಾಡ್ಯಾವ?"

"ಇದನ್ನ ರಾತ್ರಿ ಮಾಡಿದ್ರ ಸಿಗತಿದ್ದಿಲ್ಲ ನೀವು."

"ಹೊತ್ತ ಮುಣಗಿದ ಮ್ಯಾಲ ನಾವು ನೀರ ಸೇದಂಗಿಲ್ರಿ."

"ಮೊದಲನೇ ದಿನಾನ ಕೇಳಿದ್ನಿ ನಿಮ್ಮನ್ನ."

"ನೀವು ಕೇಳಿದ್ದ ರಾತ್ರೀದು," ಎಂದರು ಭೂಪಾಲ. ಆಮೇಲೆ ತಲೆ ತಗ್ಗಿಸಿದರು. "ಖರೇ ಹೇಳ್ತೀನಿ, ಅದು ನನಗೂ ಚುಚ್ಚೇತ್ರಿ. ನಾಲಿಗಿಲೆ ಸುಳ್ಳ ಆಡಲಿಲ್ಲ. ನೀರಿಲೆ ಆಡಿದ್ನಿ."

ಪಂಚರೂ ಪ್ರಾಜಕ್ತಾಳೂ ಬಂದರು. ತಳಕ್ಕೆ ಕೊಕ್ಕೆಯಿದ್ದ ಬಕೆಟ್ಟು ನೋಡುತ್ತಲೇ ಪ್ರಾಜಕ್ತಾ ನಿಂತಲ್ಲೇ ನಿಂತಳು. ನಿಪ್ಪಾಣಿಯ ಮನೆಯಲ್ಲಿ ಅವಳ ಆಜಿಯದೂ ಅಂಥದೇ ಒಂದಿತ್ತು. ಆಜಿ ಹೋದ ಮೇಲೆ ಅದರಲ್ಲಿ ತುಳಸಿ ಹಚ್ಚಿದ್ದರು.

ಸಿದ್ದಲಿಂಗ ಕಟ್ಟೆಯ ಮೇಲೆ ಕೂತರು. ಬರೆಯುವ ಹಲಗೆಯನ್ನು ಪಕ್ಕಕ್ಕಿಟ್ಟರು. "ಅಣ್ಣಾರ, ನಿಮಗ ಏನ್ ಬೇಕಾಗಿತ್ತ ಹೇಳ್ರಿ."

ಭೂಪಾಲ ಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಕಮಲಾಬಾಯಿ ಇಪ್ಪತ್ತೆರಡು ವರ್ಷದ ಹಿಂದೆ, ಊರಲ್ಲಿ ಮುನಿ ಮಹಾರಾಜರ ಚಾತುರ್ಮಾಸ ನಡೆದಾಗ, ಅವರೆದುರು ವ್ರತ ಹಿಡಿದಿದ್ದರು: ಬಾಯಿಗೆ ಬಾವಿಯ ನೀರಷ್ಟೇ. ನಳದ್ದಲ್ಲ, ಬೋರಿನದಲ್ಲ, ಮೋಟಾರು ಎತ್ತಿದ್ದೂ ಅಲ್ಲ. ಕೈಯಿಂದ ಸೇದಿ ಸೋಸಿದ್ದು. ಆಗ ಊರ ತುಂಬ ಬಾವಿಗಳಿದ್ದವು. ಈಗ ಒಂದೊಂದರಲ್ಲಿ ಕಸ, ಒಂದೊಂದರ ಮೇಲೆ ಸ್ಲ್ಯಾಬು. ಸೇದುವ ಬಾವಿ ಉಳಿದದ್ದು ಇದೊಂದೇ. ಹೋದ ದೀಪಾವಳಿಯಲ್ಲಿ ಮಿರಜಿನ ಡಾಕ್ಟರು ಕಮಲಾಬಾಯಿಯ ಎದೆ ಪರೀಕ್ಷಿಸಿ, ವರ್ಷ ದಾಟುವುದು ಕಷ್ಟ ಅಂದಿದ್ದರು.

"ಸುರಂಗ ತೋಡಿದ್ರ ಬಾವಿ ಸೆಲಿ ಕಡೀತೈತಿ ಅಂತ ಪಂಚಾಯತಿ ಸಭಾದಾಗ ಇವ್ರ ಹೇಳಿದ್ರಿ. ನಾ ಎದ್ದ ನಿಂತ್ನಿ. 'ನಿಮಗ ನಳಾ ಕೊಡ್ತೀವಿ, ಫಿಲ್ಟರ್ ಮಿಷೀನೂ ಕೊಡ್ತೀವಿ, ಕೂಡ್ರಿ' ಅಂದ್ರು. ಎಲ್ಲಾರೂ ಚಪ್ಪಾಳಿ ಬಡದ್ರು. 'ಬಾವಿ ನೀರ ಬೆಳಿಗೆ ಹಾಯಸ್ತೀರೇನು?' ಅಂದ್ರು, ಇಲ್ಲ ಅಂದ್ನಿ. ಕುಡೀತೀರೇನು ಅಂತ ಯಾರೂ ಕೇಳಲಿಲ್ರಿ."

"ಅದಕ್ಕ ಪ್ರಯೋಗಶಾಲಾನ ಹಾಳ ಮಾಡಬೇಕಂದ್ರಿ?"

"ಅಯ್ಯ, ಇಲ್ರಿ!" ಭೂಪಾಲ ಮೊದಲ ಸಲ ದನಿಯೇರಿಸಿದರು. "ಬರಲಿ, ಚಲೋ ಕೆಲಸ. ಈ ನಕ್ಷಾದ ತಂಗೀನ ಒಮ್ಮಿ ಮಜ್ಜಿಗಿ ಕುಡೀತಾ ಅಂದಿದ್ಲು, ನೀರ ಕಂಡ್ರ ಒಂದ ವರ್ಷ ತಡದ ನೋಡಬೇಕಾಗತೈತಿ ಅಂತ. ಒಂದ ವರ್ಷ ಸಾಕಾಗಿತ್ರಿ ನನಗ. ಆಕಿ ಇರೂಮಟಾ ಬಾವಿ ಇರಲಿ. ಆಮ್ಯಾಲ ನಾನ ಬಂದ ಮೊದಲನೇ ಗುದ್ದಲಿ ಹಾಕ್ತಿದ್ನಿ. ಬ್ಯಾಡ ಅಂದಿಲ್ರಿ, ಸಾವಕಾಶ ಅಂದ್ನಿ."

ಪ್ರಾಜಕ್ತಾ ನೆಲ ನೋಡುತ್ತಿದ್ದಳು. "ಸುರಂಗದ ಬಾಯಿ ಆ ಕಡಿಂದನೂ ತೆಗೀಬಹುದಿತ್ರಿ," ಎಂದು ಮೆಲ್ಲಗೆ ಹೇಳಿದಳು. "ದಿಬ್ಬದ ಹಿಂದಿಂದ. ಉದ್ದ ಆಗತೈತಿ, ಸೆಲಿಗೆ ಮುಟ್ಟಂಗಿಲ್ಲ. ಮೊದಲ ನಾ ಹಂಗ ಬರದಿದ್ನಿ. ಈ ಬಾವಿ ಯಾರೂ ಬೆಳಿಗೆ ಬಳಸಂಗಿಲ್ಲ ಅಂತ ಮಾಡಿ, ರಸ್ತೆ ಸಮೀಪ ಅಂತ ಈ ಕಡೆ ತಂದ್ವಿ."

"ಸೋಮವಾರ ಅದನ್ನ ಹೇಳ್ರಿ."

"ಹೇಳ್ತೀನ್ರಿ. ಕೇಳ್ತಾರೋ ಇಲ್ಲೋ."

ಆಗ ಸಿದ್ದಲಿಂಗರಿಗೆ ತಮ್ಮ ಕೈಯಲ್ಲಿರುವ ಕೆಲಸದ ಭಾರ ತಿಳಿಯಿತು. ಅವರು ಈಗ ಬರೆಯುವ ಪಂಚನಾಮೆಯೇ ಮೂರನೆಯ ಬೋರಿನ ನೀರು ಹೊರಗಿನದು, ಕೆಳಗಿನ ಬಂಡೆ ಒಣಗಿದೆ ಎಂಬುದಕ್ಕೆ ಸಾಕ್ಷಿ. ಸೋಮವಾರ ಕಮಿಟಿ ಅದನ್ನೇ ಓದಿ ಜಾಗ ಖಾಯಂ ಮಾಡುತ್ತದೆ. ನೀರು ಹಾಕಿದವನನ್ನು ಹಿಡಿದದ್ದರಿಂದ ಬಾವಿ ಬತ್ತಬಹುದು. ಬರೆಯದೆ ಬಿಟ್ಟರೆ ಭರತನ ಕೆಲಸ ಹೋಗುತ್ತದೆ, ಈ ಹುಡುಗಿಯ ಮೂರು ವರ್ಷ ಹೋಗುತ್ತದೆ. ಅವರಿಗೆ ದುಃಖವಾಯಿತು, ಜೊತೆಗೆ ತಮ್ಮ ಮೇಲೆ ತಮಗೇ ಸಿಟ್ಟು ಬಂತು. ಹಲಗೆ ತಗೊಂಡು, ಇದ್ದದ್ದನ್ನು ಇದ್ದಂತೆ ಬರೆದರು.

ಜಪ್ತಿಗೆ ಪಾನ ಒಂದು, ತಾಮ್ರದ ಕೊಡ ಒಂದು. ಸೋಸುವ ಬಟ್ಟೆ, ಕೊಕ್ಕೆಯ ಬಕೆಟ್ಟು, ಹಗ್ಗಗಳ ಫೋಟೋ ತೆಗೆಸಿ, 'ಮನೆಯವರ ಸುಪರ್ದಿಗೆ ಬಿಡಲಾಗಿದೆ' ಎಂದು ಬರೆದರು. ಕಾಜಲ ಹುಬ್ಬೇರಿಸಿದಳು. "ಬರಿ ಸುಮ್ಮ," ಎಂದರು.

ಡಿವೈಎಸ್‌ಪಿ ಸಾಹೇಬರು ಫೋನಿನಲ್ಲಿ ಸಾರ್ವಜನಿಕ ಆಸ್ತಿ ಹಾನಿ ಕಾಯ್ದೆಯನ್ನೂ ಸೇರಿಸಲು ಹೇಳಿದರು. ಅದು ಸೇರಿತೆಂದರೆ ಠಾಣೆಯಲ್ಲಿ ಜಾಮೀನು ಕೊಡಲು ಬರುವುದಿಲ್ಲ. ಮರುದಿನ ಅಥಣಿ ಕೋರ್ಟೇ ಗತಿ. ವಯಸ್ಸಿನ ಮಾತು ಎತ್ತಿದರು ಸಿದ್ದಲಿಂಗ. ಆ ಕಡೆ ಫೋನು ಇಟ್ಟಾಗಿತ್ತು. ಕಾಗದಪತ್ರ ಮುಗಿದು ಮಧ್ಯಾಹ್ನ ಮೂರು ಗಂಟೆಗೆ ಭೂಪಾಲ ಮಗದುಮ್‌ರನ್ನು ದಸ್ತಗಿರಿ ಮಾಡಲಾಯಿತು. ಕೋಳ ಹಾಕಲಿಲ್ಲ. ಸಂಬಂಧಿಕರಿಗೆ ತಿಳಿಸಬೇಕೆಂಬ ನಿಯಮವಿದೆ.

"ಆಕಿಗೆ ಬ್ಯಾಡ್ರಿ," ಎಂದು ಭೂಪಾಲ ಕೈ ಮುಗಿದರು. "ಶಿರಗುಪ್ಪ್ಯಾಗ ನನ್ನ ತಮ್ಮನ ಮಗ ಸಮ್ಮೇದ ಅದಾನ, ಅವಗ ಹೇಳ್ರಿ. ಸುಳ್ಳ ಮಾಡಿ ಉಳಿಸಿದ ನೀರು ಅಂತ ಗೊತ್ತಾದ್ರ ಆಕಿ ಆ ನೀರೂ ಬಿಡ್ತಾಳ."

ಕಾಜಲ ಸಮ್ಮೇದನಿಗೆ ಫೋನು ಮಾಡಿದಳು. ಅವನು ಕೊಲ್ಲಾಪುರದಲ್ಲಿದ್ದ, ಸಂಜೆಗೆ ಬರುತ್ತೇನೆಂದ. ಭೂಪಾಲ ಒಳಗೆ ಹೋಗಿ ನೀರು ಕಾಯಿಸಿ, ಆರಿಸಿ, ಹೆಂಡತಿಯ ಮಂಚದ ಪಕ್ಕ ಮುಚ್ಚಿಟ್ಟರು. ಕಾಯಿಸಿದ ನೀರು ಒಂದು ದಿನದ ಮಟ್ಟಿಗೆ ನಡೆಯುತ್ತದೆ. ಅವರು ಹೊರಗೆ ಬರುವಾಗ ಕಮಲಾಬಾಯಿ ಗೋಡೆ ಹಿಡಿದು ಬಾಗಿಲ ತನಕ ಬಂದರು. ಹಕ್ಕಿಯಷ್ಟೇ ಆಗಿದ್ದ ಹೆಂಗಸು.

"ಒಂದ ಸಹಿ ಮಾಡೂದೈತ್ರಿ ಅವ್ವಾರ," ಎಂದು ಸಿದ್ದಲಿಂಗ ಸುಳ್ಳು ಹೇಳಿದರು.

ಕಮಲಾಬಾಯಿ ಅವರ ಕಡೆ ನೋಡಲಿಲ್ಲ. ಗಂಡನಿಗೆ ಹೇಳಿದರು: "ಹೋಗಿ ಬರ್ರಿ. ನಾಳೆ ಮುಂಜಾನಿಮಟಾ ನೀರೈತಿ."

ಅವತ್ತು ಠಾಣೆಯಲ್ಲಿ ಭೂಪಾಲ ಏನನ್ನೂ ಮುಟ್ಟಲಿಲ್ಲ. ವ್ರತ ಅವರದಲ್ಲ, ಕುಡಿಯಬಹುದಿತ್ತು. "ಹಸಿವಿಲ್ರಿ" ಅಂದರು. ಸುಳ್ಳು ಹೇಳದ ಮನುಷ್ಯ, ನಿಜವೇ ಇರಬೇಕೆಂದು ಸಿದ್ದಲಿಂಗ ಸುಮ್ಮನಾದರು. ಭರತ ಬಂದು ಕಂಬದ ಹತ್ತಿರ ನಿಂತು ಹೋದ. ತಾನು ಪಾರಾದನೆಂಬ ಸಂತೋಷ ಅವನ ಮುಖದಲ್ಲೂ ಇರಲಿಲ್ಲ.

ಶನಿವಾರ ಬೆಳಿಗ್ಗೆ, ಬಿಸಿಲು ಮೂಡಿದ ಮೇಲೆ, ಸಿದ್ದಲಿಂಗ ಜೀಪನ್ನು ಮೊದಲು ಕರಿದಿಬ್ಬದ ಕಡೆ ತಿರುಗಿಸಿದರು. ದೂರದಿಂದಲೇ ಗಡಗಡಿಯ ಕೀರಲು ಕೇಳಿತು. ಪ್ರಾಜಕ್ತಾ ಸೀರೆಯುಟ್ಟು ಬಂದಿದ್ದಳು, ಸೆರಗು ಸೊಂಟಕ್ಕೆ ಸಿಗಿಸಿದ್ದಳು. ಸಮ್ಮೇದ ಬಾವಿಕಟ್ಟೆಯ ಪಕ್ಕ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಕಮಲಾಬಾಯಿ ಅಲ್ಲಿಂದಲೇ ಹೇಳಿಕೊಡುತ್ತಿದ್ದರು.

"ಎರಡ ಪದರ ಮಾಡ ತಂಗಿ. ಹಾಂ. ಬಕೀಟ ಎತ್ತಿ ಒಗೀಬ್ಯಾಡ. ಸಾವಕಾಶ ಬಿಡ. ಮುಟ್ಟಿತೇನ? ಈಗ ಜಗ್ಗ."

"ಆಜಿ, ಆತೇನ್ರಿ?"

"ಆತು. ನೀರ ಕಾಸಿ ತಾ."

ಸಿದ್ದಲಿಂಗ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡರು. ನಿನ್ನೆಯ ಸುಳ್ಳು ಬಾಯಲ್ಲಿ ಕಹಿಯಾಗಿ ಉಳಿದಿತ್ತು. "ಅವ್ವಾರ, ಅಣ್ಣಾರು..."

"ಗೊತ್ತೈತ್ರಿ," ಎಂದರು ಕಮಲಾಬಾಯಿ. "ಸಮ್ಮೇದ ಹೇಳಲಿಲ್ಲ. ಮೊದಲ ಗೊತ್ತಿತ್ತು. ಗಡಗಡಿ ಸಪ್ಪಳ ನನ್ನ ಕಿವಿಗೆ ಬೀಳತಿತ್ತಲ್ರಿ. ನಮ್ಮಿಬ್ಬರಿಗೆ ಎಷ್ಟ ಕೊಡ ಬೇಕು ಅನ್ನೂದ ತಿಳೀದ ಇಷ್ಟ ವರ್ಷ ಸಂಸಾರ ಮಾಡೀನೇನು?"

"ಮತ್ತ ಅವರನ್ನ ಒಂದ ಮಾತ ಕೇಳಬೇಕಿತ್ತಲ್ರಿ."

"ಕೇಳಿದ್ರ ಅವ್ರು ಸುಳ್ಳ ಹೇಳಂಗಿಲ್ರಿ," ಎಂದರು ಆಕೆ. "ಅದಕ್ಕ ಕೇಳಲಿಲ್ಲ."

ಪ್ರಾಜಕ್ತಾ ಕಾಯಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ತಂದಳು. ಕಮಲಾಬಾಯಿ ಅದನ್ನು ಮುಟ್ಟಿ ನೋಡಿ, ಪಕ್ಕದ ಗೂಡು ತೋರಿಸಿದರು. "ಅಲ್ಲಿ ಮುಚ್ಚಿ ಇಡವ್ವಾ. ಅವ್ರು ಬರಲಿ, ಕುಡೀತೀನಿ." ಆಮೇಲೆ ಸಿದ್ದಲಿಂಗರ ಕಡೆ ತಿರುಗಿದರು. "ಹೊತ್ತ ಮುಣಗೂದ್ರೊಳಗ ಬರ್ತಾರೇನ್ರಿ? ಹೊತ್ತ ಮುಣಗಿದ್ರ ನಾ ಕುಡಿಯಂಗಿಲ್ಲ."

ಯಾವ ಅಧಿಕಾರಿಯೂ ಕೊಡಬಾರದ ಮಾತೊಂದನ್ನು ಸಿದ್ದಲಿಂಗ ಕೊಟ್ಟರು. "ಕರಕೊಂಡ ಬರ್ತೀನ್ರಿ."

ಠಾಣೆಗೆ ಬಂದು ಭೂಪಾಲರನ್ನು ಜೀಪಿನ ಮುಂದಿನ ಸೀಟಿನಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕಾಗದಪತ್ರಗಳೊಂದಿಗೆ ಕಾಜಲ ಹಿಂದೆ ಕೂತಳು. ಕೋರ್ಟು ಹನ್ನೊಂದಕ್ಕೆ ಶುರು, ಅವರ ಕೇಸು ಯಾವಾಗ ಕೂಗುತ್ತಾರೋ ಯಾರಿಗೆ ಗೊತ್ತು. ಅಥಣಿ ರಸ್ತೆಗೆ ಹೊರಳಿದರೆ ಕಣ್ಣು ಹಾಯುವ ತನಕ ಕಬ್ಬಿನ ಟ್ರೇಲರುಗಳು ಸಾಲುಗಟ್ಟಿ ನಿಂತಿದ್ದವು. ಸಿದ್ದಲಿಂಗ ಒಮ್ಮೆ ಸೂರ್ಯನ ಕಡೆ ನೋಡಿ, ಹಾರ್ನ್ ಒತ್ತಿದರು.